ಅಣ್ಣಯ್ಯ ತಂದ ಗಾಲಿಕುರ್ಚಿ

ಬೊಂಬಾಯಿಯಲ್ಲಿ ಅಣ್ಣ ಪದ್ಮನಾಭ ತೀರಿಕೊಂಡನೆಂದು ಬೆಳಿಗ್ಗೆ ರಾಜಾಜಿನಗರದ ಮನೆಗೆ ಟ್ರಂಕ್ ಕಾಲ್ ಬಂದಿತ್ತು. ಮಧ್ಯಾಹ್ನದ ವಿಮಾನ ತಪ್ಪಿದರೆ ಅಂಬುಜಮ್ಮನಿಗೆ ಅವನ ಮುಖ ನೋಡಲೂ ಸಿಗುವಂತಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಗುಮಾಸ್ತ ಅವಳ ಬ್ಯಾಟರಿ ಗಾಲಿಕುರ್ಚಿಯನ್ನು ತಡೆದ. “ಆಸಿಡ್ ಬ್ಯಾಟರಿ ಆದ್ರೆ ಬಿಚ್ಚಿಡ್ಬೇಕಮ್ಮಾ. ಇದು ಯಾವುದು?”

ಅವಳಿಗೆ ತಿಳಿಯದು. ಗಂಡ ವೆಂಕಟಗಿರಿ ಕುರ್ಚಿಯ ಕೆಳಗೆ ಬಗ್ಗಿ, ತಿರುಪು ಹುಡುಕಿ ಬೆವೆತುಹೋದರು. “ಒಂದೂ ಅರ್ಥ ಆಗ್ತಿಲ್ಲ ಕಣೇ.”

“ಒದ್ದಾಡ್ಬೇಡಿ. ತಂದುಕೊಟ್ಟೋನು ಅಣ್ಣಯ್ಯ ತಾನೇ? ಫೋನ್ ಮಾಡಿ ಅವನನ್ನೇ ಕೇಳಿ.”

ವೆಂಕಟಗಿರಿ ತಲೆಯೆತ್ತಿ, “ಪದ್ಮನಾಭನನ್ನಾ?” ಎಂದರು. ಗುಮಾಸ್ತ ತಾನೇ ಬಗ್ಗಿ ತಿರುಪು ಬಿಚ್ಚತೊಡಗಿದ. ಅಂಬುಜಮ್ಮ ಕುರ್ಚಿಯ ಹಿಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಬೆಳಗಿನಿಂದ ಮೊದಲ ಸಲ ಅತ್ತಳು.

“ಶ್ರೀನಿವಾಸಾ, ನನ್ನನ್ನ ಓಡಾಡಿಸಿದೋನು ಅವನು. ನಿನ್ನ ಪಾದದಲ್ಲಿ ಅವನಿಗೆ ಶಾಂತಿ ಕೊಡಪ್ಪಾ.”