ಎರಡು ಭಾಷೆಯ ಸುಳ್ಳು

ಧರ್ಮರಾಜ ಅಕ್ಕನ ಮನೆಯ ಬಗ್ಗೆ ಎರಡು ಭಾಷೆಯಲ್ಲಿ ಸುಳ್ಳು ಹೇಳಿದ್ದ. ಇಂಗ್ಲಿಷಿನಲ್ಲಿ ‘ಡಿಲ್ಯಾಪಿಡೇಟೆಡ್’. ಪೋರ್ಚುಗೀಸಿನಲ್ಲಿ ‘ಎಂ ರುಯಿನಾಸ್’. ಬಿದ್ದುಹೋದ ಮನೆ ಎಂದರ್ಥ.

ಲಿಸ್ಬನ್ನಿನಿಂದ ಸಿನಿಮಾ ತೆಗೆಯಲು ಬಂದ ತೆರೇಜಾಗೆ ಪಾಳುಬಿದ್ದ ಮಣ್ಣಿನ ಮನೆ ಬೇಕಿತ್ತು. ಶೂಟಿಂಗಿಗೆ ಜಾಗ ಹುಡುಕಿಕೊಡುವುದು ಸೊಲ್ಲಾಪುರದ ಧರ್ಮರಾಜನ ಹೊಸ ಕೆಲಸ. ಸಿಕ್ಕ ಪಾಳುಮನೆಗಳೆಲ್ಲ ಅಣ್ಣತಮ್ಮಂದಿರ ಜಗಳದಲ್ಲಿದ್ದವು. ಕೆಲಸ ಕೈತಪ್ಪುವಂತಾದಾಗ ಕಂದಲಗಾಂವದ ನಂದಕ್ಕನ ಮನೆ ನೆನಪಾಯಿತು. ಸಾಗವಾನಿ ಕಂಬ, ಮಣ್ಣು ಹೊದಿಸಿದ ಗಟ್ಟಿ ಮಾಳಿಗೆ, ವರ್ಷಕ್ಕೊಮ್ಮೆ ಸುಣ್ಣ. ಆದರೂ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

ತೆರೇಜಾ ಮನೆ ನೋಡಲು ಬರುವ ಹಿಂದಿನ ದಿನ ಅಕ್ಕನಿಗೆ ತಾನೇ ಫೋನ್ ಮಾಡಿ ತಿಳಿಸಿದ.

“ನನ್ನ ಮನಿ ಬಿದ್ದದ ಅಂದಿ? ನಿನ್ನ ಬಾಯಾಗ ಮಣ್ಣ ಬೀಳ್ಲಿ!”

“ತಪ್ಪಾತು ಅಕ್ಕಾ. ನಾಳಿ ಅವರು ನೋಡಾಕ ಬರ್ತಾರ.”

“ಬಂದ ನೋಡಿದ್ರ, ಬಿದ್ದಿಲ್ಲಂದ್ರ?”

“ಸುಳ್ಳಬುರಕ ಅಂತ ನನ್ನ ಕೆಲಸದಿಂದ ತಗೀತಾರ.”

“ಕರ್ಕೊಂಡ ಬಾ. ಚಹಾ ಇಡ್ತೀನಿ” ಎಂದು ಫೋನ್ ಇಟ್ಟಳು.

ಎಲ್ಲರೆದುರು ಮಾನ ಕಳೆಯುತ್ತಾಳೆ ಎಂದುಕೊಂಡ ಧರ್ಮರಾಜ. ಕಳೆಯಲಿ. ಅದೇ ಮನೆಯಲ್ಲಿ ಉಂಡು ಸಾಲೆ ಕಲಿತವನು ಅವನು.

ಬೆಳಿಗ್ಗೆ ಜೀಪಿನಲ್ಲಿ ತೆರೇಜಾ ಮತ್ತೊಂದು ಪೋರ್ಚುಗೀಸ್ ಶಬ್ದ ಕಲಿಸಿದಳು. ‘ದೆಗ್ರದಾದು’ ಎಂದರೆ ಹದಗೆಟ್ಟದ್ದು, ರಿಪೇರಿ ಮಾಡಬಹುದು. ‘ಎಂ ರುಯಿನಾಸ್’ ಎಂದರೆ ಕೈಬಿಟ್ಟಂತೆಯೇ. ಧರ್ಮರಾಜನಿಗೆ ತಡೆಯಲಾಗಲಿಲ್ಲ. ಹರಕು ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಕೊಂಡ.

ತೆರೇಜಾ ನಕ್ಕಳು. ಮನೆ ಗಟ್ಟಿಯಿದ್ದರೆ ಇನ್ನೂ ಒಳ್ಳೆಯದು, ಒಳಗೆ ಕ್ಯಾಮೆರಾ ಇಡಲು ಭಯವಿಲ್ಲ. ಬಿದ್ದ ಗೋಡೆಯನ್ನು ನಮ್ಮ ಹುಡುಗರು ಪ್ಲೈವುಡ್ಡಿನಲ್ಲಿ ಮಾಡುತ್ತಾರೆ ಎಂದಳು. ಕೆಲಸ ಉಳಿಯಿತು.

ಖುಷಿಯಲ್ಲಿ ಅಕ್ಕನಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಸಿಟ್ಟು ಇಳಿದಿಲ್ಲ, ಕಾಲು ಹಿಡಿದರಾಯಿತು ಎಂದುಕೊಂಡ.

ಓಣಿ ತಿರುಗಿದರೆ ಧೂಳು. ಭಾವ ಅಮೋಗಸಿದ್ಧ ಬೇವಿನ ಗಿಡದ ಕೆಳಗೆ ತಲೆ ಹಿಡಿದುಕೊಂಡು ಕೂತಿದ್ದ. ಪಡಸಾಲೆಗೆ ಮಾಳಿಗೆ ಇರಲಿಲ್ಲ. ಎರಡು ಕಂಬ ಅಡ್ಡ ಬಿದ್ದಿದ್ದವು. ನಂದಕ್ಕ ಕೈಯಲ್ಲಿದ್ದ ಹಾರೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ತೆರೇಜಾಗೆ ಕೈಮುಗಿದಳು.

“ನೋಡ್ರಿ ಬಾಯಾರ, ನನ್ನ ತಮ್ಮ ಸುಳ್ಳ ಹೇಳಾಂವಲ್ಲ.”