ಹಳೇ ಅಡುಗೆಮನೆಯಲ್ಲಿ ಒಂದು ಫೋಟೋ

ಹುಬ್ಬಳ್ಳಿಯಿಂದ ಮೈಸೂರಿಗೆ ಟ್ರಿಪ್ ಹೊರಟಿದ್ದ ಕಾರು ಹೈವೇಯಲ್ಲಿ ಓಡುತ್ತಿತ್ತು...

ಹಿಂದಿನ ಸೀಟಿನಲ್ಲಿ ಸುವರ್ಣಾ. ಮಡಿಲಲ್ಲಿ ಮಲಗಿದ ಮಗು, ಕಾಲಡಿ ಬ್ಯಾಗು, ಪಕ್ಕದಲ್ಲಿ ಅತ್ತೆ ನೀಲವ್ವ. ಕಾಲು ಚಾಚಲೂ ಜಾಗವಿಲ್ಲ.

ಅವಳಿಗೆ ಶಾಲೆಯೊಂದರಿಂದ ಟೀಚರ್ ಕೆಲಸಕ್ಕೆ ಕರೆ ಬಂದಿತ್ತು. ಇವತ್ತೇ ಉತ್ತರ ಹೇಳಬೇಕು.

ಈಗ ಕಾರು ಓಡಿಸುತ್ತಿದ್ದ ಗಂಡ ಮಹಾಂತೇಶನ ಹತ್ತಿರ ಬೆಳಿಗ್ಗೆಯೇ ಹೇಳಿದ್ದಳು.

"ಕೂಸಿನ್ನ ಯಾರು ನೋಡ್ಕೋಬೇಕು? ಮನ್ಯಾಗ ನಿನಗ ಏನ್ ಕಡಿಮಿ ಆಗೇತಿ?" ಎಂದಿದ್ದ.

ಅತ್ತೆ ಕೇಳಿಸಿಕೊಂಡೂ ಸುಮ್ಮನಿದ್ದರು...

ದಾರಿಯಲ್ಲಿ ಒಂದು ಪಾರ್ಕ್ ಸಿಕ್ಕಿತು, ನೋಡಲು ಇಳಿದರು. ನೂರು ವರ್ಷದ ಹಿಂದಿನ ಹಳ್ಳಿಯನ್ನೇ ಅಲ್ಲಿ ಕಟ್ಟಿದ್ದರು. ಆ ಕಾಲದ ಉಡುಪು ತೊಟ್ಟವರು ಮಡಕೆ ಮಾಡುತ್ತಿದ್ದರು, ಸೀರೆ ನೇಯುತ್ತಿದ್ದರು, ಬಂದವರ ಜೊತೆ ಹರಟುತ್ತಿದ್ದರು.

ಒಂದು ಮನೆಯೊಳಗೆ ಕತ್ತಲೆ ಅಡುಗೆಮನೆ. ಕಿಟಕಿಯೇ ಇಲ್ಲ. ತಲೆಗೆ ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ಒಲೆ ಊದುತ್ತಿದ್ದಳು.

"ಸುವರ್ಣಾ, ನೀನೂ ಕುಂದರು... ಒಂದ್ ಫೋಟೋ ತೆಗಿತೀನಿ!" ಮಹಾಂತೇಶ ಮಗುವನ್ನು ಎತ್ತಿಕೊಂಡ.

ಸುವರ್ಣಾ ಕೂತಳು. ಊದುಗೊಳವೆ ಕೈಗೆ ಬಂತು. ನೋಡಲು ಬಂದ ಜನ ಬಾಗಿಲಲ್ಲಿ ನಿಂತರು... ಇದ್ದ ಬೆಳಕೂ ಹೋಯಿತು.

"ದಿನಾ ಇಲ್ಲೇ ಕುಂತು ಉಸಿರು ಕಟ್ಟೂದಿಲ್ಲೇನವಾ?" ಮೆಲ್ಲಗೆ ಕೇಳಿದಳು.

ಆ ಹೆಣ್ಣುಮಗಳು ನಕ್ಕಳು. "ಇದು ನನ್ನ ಡ್ಯೂಟಿ ಅಕ್ಕಾರ. ಸಂಜಿಗೆ ಈ ಸೀರಿ ಬದಲಿಸಿ, ಸ್ಕೂಟಿ ಹತ್ತಿ ಹೊಂಟಬಿಡ್ತೀನಿ!"

ಸುವರ್ಣಾಳ ಕಣ್ಣು ತುಂಬಿ ಹರಿಯಿತು...

"ಕಣ್ಣಿಗೆ ಹೊಗಿ ಹತ್ತೇತಿ" ಎಂದು ಎಲ್ಲರೂ ನಕ್ಕರು.

ನೀಲವ್ವ ನಗಲಿಲ್ಲ. ತಲೆ ಬಗ್ಗಿಸಿ ಒಳಗೆ ಬಂದು, ಮಸಿ ಹಿಡಿದ ಗೋಡೆಯ ಮೇಲೆ ಕೈಯಿಟ್ಟು ನಿಂತರು.

"ಫೋಟೋ ಬ್ಯಾಡ ಮಹಾಂತೇಶಾ. ಆಕೀನ್ನ ಎಬ್ಬಿಸು."

"ಯಾಕವ್ವಾ?"

"ನಾನೂ ಒಮ್ಮೆ ಕೇಳಿದ್ದೆ, ಹೊಲಿಗಿ ಕಲಿಯಾಕ ಹೋಗ್ತೀನಿ ಅಂತ. ನಿಮ್ಮಜ್ಜಿ ಬ್ಯಾಡ ಅಂದ್ರು, ನಿಮ್ಮಪ್ಪ ಸುಮ್ಮನಿದ್ರು. ಆಮ್ಯಾಲ ನಾ ಏನೂ ಕೇಳಲೇ ಇಲ್ಲ... ನೀವೆಲ್ಲ ನಾ ಆರಾಮ ಅದೀನಿ ಅಂದ್ಕೊಂಡ್ರಿ."

ಅವರು ಸೊಸೆಯ ಕಡೆ ನೋಡಿದರು. "ಇವತ್ತ ಬೆಳಿಗ್ಗೆ ನಾನೂ ಹಂಗ ಸುಮ್ಮನ ಕುಂತೆನಲ್ಲೋ..."

ಮಹಾಂತೇಶ ಮೊಬೈಲ್ ಕೆಳಗಿಳಿಸಿದ.

ನೀಲವ್ವ ಅವನ ಕೈಯಿಂದ ಮಗುವನ್ನು ತೆಗೆದುಕೊಂಡರು. "ಸಾಲಿಗೆ ಫೋನ್ ಹಚ್ಚವಾ ಸುವರ್ಣಾ. ಕೂಸು ನಾ ನೋಡ್ಕೋತೀನಿ."

ಹೊರಗೆ ಬಿಸಿಲಲ್ಲಿ ನಿಂತು ಸುವರ್ಣಾ ಫೋನ್ ಮಾಡಿದಳು. "ಬರ್ತೀನ್ರಿ ಸರ್..." ಅಷ್ಟೇ ಬಾಯಿಂದ ಬಂತು.

ಮಹಾಂತೇಶನಿಗೆ ಕ್ಷಮೆ ಕೇಳಿ ಗೊತ್ತಿರಲಿಲ್ಲ. ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದ... "ಯಾವತ್ತಿಂದ ಬರಾಕ ಹೇಳ್ಯಾರ?"

*ಕೇಳುವುದನ್ನು ಬಿಟ್ಟವರಿಗೆ ಆಸೆಯೇ ಇಲ್ಲ ಎಂದು ತಿಳಿಯಬೇಡಿ.*

ನಿಮ್ಮ ಮನೆಯಲ್ಲಿ ಹೀಗೆ ಸುಮ್ಮನಾದವರು ಯಾರು? ಇವತ್ತು ನೀವೇ ಹೋಗಿ ಒಂದು ಮಾತು ಕೇಳಬಾರದೇ?