ಅಮ್ಮನ ಬ್ಯಾಗಿನ ಚರ್ಮ

ಚರ್ಮದ ವಾಸನೆ ಬಂದರೆ ಈಗಲೂ ನನ್ನ ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ.

ನನ್ನ ಬಾಲ್ಯದ ಮಾತು. ಮರುದಿನ ಬೆಳಿಗ್ಗೆ ಅಪ್ಪ ಒಂದು ಮದುವೆಯಲ್ಲಿ ಸ್ಯಾಕ್ಸೋಫೋನ್ ನುಡಿಸಬೇಕಿತ್ತು. ತಾತನ ಕಾಲದ ಆ ವಾದ್ಯದಲ್ಲಿ ರಂಧ್ರ ಮುಚ್ಚುವ ಚರ್ಮದ ಬಿಲ್ಲೆಯೊಂದು ಹರಿದು ಗಾಳಿ ಸೋರುತ್ತಿತ್ತು. ಆ ಅಳತೆಯ ಬಿಲ್ಲೆ ಎಲ್ಲೂ ಸಿಗದೆ ಅಪ್ಪ ನನ್ನನ್ನೂ ಕರೆದುಕೊಂಡು ಪೀಣ್ಯದಲ್ಲಿ ಯಂತ್ರಗಳು ಸೋರದಂತೆ ಬಿಲ್ಲೆ ಕತ್ತರಿಸಿಕೊಡುವ ಗ್ಯಾಸ್ಕೆಟ್ ಅಂಗಡಿಗೆ ಹೊರಟರು. ಬಸ್ಸಿನುದ್ದಕ್ಕೂ ಅವರ ಬೆರಳುಗಳು ತೊಡೆಯ ಮೇಲೆ ಸ್ವರ ಒತ್ತುತ್ತಲೇ ಇದ್ದವು.

"ರಬ್ಬರಲ್ಲಿ ಹೊಡ್ಕೊಡ್ತೀನಿ ಸಾರ್, ಪಂಪಿಗೇ ತಡ್ಯತ್ತೆ," ಎಂದ ಅಂಗಡಿಯವನು.

"ಪಂಪಲ್ಲ ಗುರು, ಇದು ಉಸಿರಿಂದು. ಮೆತ್ತನೆ ಚರ್ಮಾನೇ ಆಗ್ಬೇಕು."

"ಅದನ್ನ ನಾನೆಲ್ಲಿಂದ ತರ್ಲಿ?"

ಅಪ್ಪ ಬಾಗಿಲವರೆಗೆ ಹೋಗಿ ಬಂದರು, ಮತ್ತೆ ಹೋದರು. ಕೊನೆಗೆ ತಮ್ಮ ಚೀಲದ ತಳದಿಂದ ಅಮ್ಮನ ಕೆಂಪು ವ್ಯಾನಿಟಿ ಬ್ಯಾಗ್ ತೆಗೆದರು. ಸಮಾರಂಭಗಳಿಗಷ್ಟೇ ಬೀರುವಿನಿಂದ ಹೊರಬರುತ್ತಿದ್ದ, ತವರಿನವರು ಕೊಟ್ಟ ಬ್ಯಾಗದು.

"ಅಮ್ಮನ್ನ ಕೇಳಿದ್ರಾ ಅಪ್ಪ?"

ಅಂಗಡಿಯವನು ಬ್ಯಾಗಿನ ಮೇಲೆ ದುಂಡು ಅಚ್ಚು ಇಟ್ಟು ಸುತ್ತಿಗೆ ಎತ್ತಿದ; ಅಪ್ಪ ಅದನ್ನೇ ನೋಡುತ್ತಿದ್ದರು. ಒಂದೇ ಏಟಿಗೆ ದುಂಡನೆಯ ಚೂರು ತುಂಡಾಗಿ ಬಿತ್ತು.

ಮರುದಿನ ಮದುವೆಯಲ್ಲಿ ಅಮ್ಮ ಮನೆಯ ಬೀಗದಕೈಯನ್ನು ರೇಷ್ಮೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು.

"ಬ್ಯಾಗ್ ಎಲ್ರೀ?" ಎಂದರು ಪಕ್ಕದ ಮನೆಯ ಆಂಟಿ.

ಅಮ್ಮ ಅಪ್ಪನ ಸ್ಯಾಕ್ಸೋಫೋನಿನತ್ತ ಗದ್ದ ಎತ್ತಿದಳು.

"ಅಲ್ಲಿದೆ ನೋಡಿ, ಹಾಡ್ತಾ ಇದೆ."